ಪ್ರಶ್ನೋತ್ತರ: ಧಿಗಿಣ ಹಾರುವ ಚಿತ್ರ, ಒಡೆದುಹೋಗುವ ಒತ್ತಕ್ಷರ

ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳಲ್ಲಿ ಚಿತ್ರ ಬಿಡಿಸುವುದು, ಅನಿಮೇಷನ್ ಮಾಡುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ಅದು ಸಹಜವೇ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಲ್ಯಾಬುಗಳು ಬಹುಕಾಲದಿಂದ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ನಡೆಯುತ್ತಿವೆ. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಫೋಟೊ ತಿದ್ದುವ ಜಿಂಪ್, ಗೆರೆಚಿತ್ರದ ಇಂಕ್‌ಸ್ಕೇಪ್, ಅನಿಮೇಷನ್ನಿನ ಸಿನ್‌ಫಿಗ್ ಹೊಸ ಹೆಸರುಗಳಲ್ಲ. ಶಾಲೆ ಬಿಟ್ಟ ಮೇಲೆ ಮುಂದೇನು ಎಂಬುದೇ ಹಲವರ ಪ್ರಶ್ನೆ.

ಪ್ರಶ್ನೆ: ಶಾಲೆಯಲ್ಲಿ ಇಂಕ್‌ಸ್ಕೇಪ್, ಸಿನ್‌ಫಿಗ್ ಕಲಿತಿದ್ದೇನೆ. ಮನೆಯಲ್ಲಿರುವುದು ವಿಂಡೋಸ್ ಇರುವ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಇದರಲ್ಲಿ ಅನಿಮೇಷನ್ ಸಾಧ್ಯವೇ? ಶಾಲೆಯಲ್ಲಿ ಮಾಡಿದ ಫೈಲುಗಳು ಇಲ್ಲಿ ತೆರೆಯುತ್ತವೆಯೇ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ತೆರೆಯುತ್ತವೆ. ಈ ಎರಡೂ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಫೈಲನ್ನು ಬಳಸುತ್ತವೆ. ಆದರೆ ಮನೆಯ ಆವೃತ್ತಿ ಶಾಲೆಯದಕ್ಕಿಂತ ಹೊಸದಾಗಿದ್ದರೆ, ಮನೆಯಲ್ಲಿ ಉಳಿಸಿದ ಸಿನ್‌ಫಿಗ್ ಫೈಲು ಶಾಲೆಯಲ್ಲಿ ಸರಿಯಾಗಿ ಕಾಣದೆ ಹೋಗಬಹುದು. ಹೀಗಾಗಿ ಎರಡೂ ಕಡೆ ಒಂದೇ ಆವೃತ್ತಿ ಹಾಕಿಕೊಳ್ಳಿ. ಫೈಲಿನ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ. ಕನ್ನಡದ ಹೆಸರಿಡಬೇಕೆಂಬ ಆಸೆ ನಮಗೂ ಇದೆ, ಆದರೆ ಕೆಲವು ಅನಿಮೇಷನ್ ತಂತ್ರಾಂಶಗಳು ಅಂಥ ಹೆಸರಿನ ಫೋಲ್ಡರಿನಲ್ಲಿ ಫೈಲು ಹುಡುಕಲಾರದೆ ಸೋಲುತ್ತವೆ.

4 ಜಿಬಿಯಲ್ಲಿ ಇಂಕ್‌ಸ್ಕೇಪ್ ಮತ್ತು ಸಿನ್‌ಫಿಗ್ ಆರಾಮವಾಗಿ ನಡೆಯುತ್ತವೆ. ಕೈಯಿಂದ ಬಿಡಿಸುವ ಕೆಲಸಕ್ಕೆ ಕ್ರಿಟಾ ಹಾಕಿಕೊಳ್ಳಿ, ಅದೂ ನಡೆಯುತ್ತದೆ. 3ಡಿ ತಂತ್ರಾಂಶವಾದ ಬ್ಲೆಂಡರ್ ಮಾತ್ರ ಸದ್ಯಕ್ಕೆ ಬೇಡ. ಅದರ ಈಚಿನ ಆವೃತ್ತಿಗಳಿಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಓಪನ್‌ಜಿಎಲ್ 4.3 ಬಲ್ಲ ಗ್ರಾಫಿಕ್ಸ್ ಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ತೆರೆಯದೆಯೂ ಇರಬಹುದು.

ಕ್ರಿಟಾದಲ್ಲಿ ನಿಮ್ಮ ಕ್ಯಾನ್ವಾಸ್ 1280×720 ಇರಲಿ. ಲೆಕ್ಕ ಸುಲಭ: ಸಾಮಾನ್ಯ 8 ಬಿಟ್ ಬಣ್ಣದಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. 1920×1080 ಅಳತೆಯಲ್ಲಿ ಪೂರ್ತಿ ಬಣ್ಣ ತುಂಬಿದ ಒಂದು ಫ್ರೇಮ್ ಸುಮಾರು 8 ಎಂಬಿ ಹಿಡಿಯುತ್ತದೆ, 1280×720 ಆದರೆ ಸುಮಾರು 3.7 ಎಂಬಿ. ಹಲವರು ಅನಿಮೇಷನ್‌ಗೂ ಎ4 ಹಾಳೆಯನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ತೆರೆಯುತ್ತಾರೆ. ಅದು 2480×3508 ಪಿಕ್ಸೆಲ್, ಒಂದೊಂದು ಫ್ರೇಮಿಗೆ ಹತ್ತಿರಹತ್ತಿರ 35 ಎಂಬಿ. ಇಪ್ಪತ್ತು ಫ್ರೇಮ್ ಆಗುವಷ್ಟರಲ್ಲಿ ಲ್ಯಾಪ್‌ಟಾಪ್ ಉಸಿರು ಕಟ್ಟಿಕೊಳ್ಳುತ್ತದೆ. ಪರದೆಗೆ ಮಾಡುವ ಕೆಲಸಕ್ಕೆ ಡಿಪಿಐ ಲೆಕ್ಕಕ್ಕಿಲ್ಲ, ಪಿಕ್ಸೆಲ್ ಅಷ್ಟೇ.

ತಂತ್ರಾಂಶವನ್ನು ಆಯಾ ಯೋಜನೆಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಕ್ರಿಟಾ ಕೆಲವು ಆ್ಯಪ್ ಅಂಗಡಿಗಳಲ್ಲಿ ಹಣಕ್ಕೂ ಸಿಗುತ್ತದೆ. ಆ ಹಣ ಯೋಜನೆಗೇ ಹೋಗುತ್ತದೆ, ಆದರೆ ಅದೇ ಕ್ರಿಟಾ ಅದರ ಜಾಲತಾಣದಲ್ಲಿ ಉಚಿತ.

ಪ್ರಶ್ನೆ: ಯಕ್ಷಗಾನದ ತೆಂಕುತಿಟ್ಟಿನ ಒಂದು ರಾಜವೇಷ ಚೆಂಡೆಗೆ ಸರಿಯಾಗಿ ಹೆಜ್ಜೆ ಹಾಕಿ, ಕೊನೆಗೆ ಧಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವ 30 ಸೆಕೆಂಡಿನ ಅನಿಮೇಷನ್ ಮಾಡಬೇಕೆಂದಿದ್ದೇವೆ. ಚೆಂಡೆಯ ಧ್ವನಿ ಮೊಬೈಲಿನಲ್ಲಿ ರೆಕಾರ್ಡ್ ಆಗಿದೆ. ಸಿನ್‌ಫಿಗ್‌ನಲ್ಲಿ ಮಾಡಿದರೆ ಗೊಂಬೆಯಾಟದ ಹಾಗೆ ಕಾಣುತ್ತದೆ, ಕ್ರಿಟಾದಲ್ಲಿ ಎಲ್ಲವನ್ನೂ ಬಿಡಿಸಲು ಹೊರಟರೆ ಮುಗಿಯುವುದೇ ಇಲ್ಲ. ಕೊನೆಗೆ ವಿಡಿಯೊ ಮಾಡಿದಾಗ ಚೆಂಡೆಯೂ ಕಾಲೂ ಹೊಂದುವುದಿಲ್ಲ.
– ಚಿತ್ರಕಲಾ ಶಿಕ್ಷಕರು, ಕುಂಬಳೆ

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದ ಬಂದ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇವೆ.

ಮೊದಲು ಲೆಕ್ಕ. ಸೆಕೆಂಡಿಗೆ 24 ಫ್ರೇಮಿನಂತೆ 30 ಸೆಕೆಂಡಿಗೆ 720 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವುದು ಕೈಯಿಂದ ಬಿಡಿಸುವವರ ಹಳೆಯ ಪದ್ಧತಿ. ಹಾಗೆ ಮಾಡಿದರೂ 360 ಚಿತ್ರ. ಕಿರೀಟ, ಭುಜಕೀರ್ತಿ, ಎದೆಪದಕ, ಕೈಕಟ್ಟು ಎಲ್ಲ ಇರುವ ರಾಜವೇಷವನ್ನು 360 ಸಲ ಬಿಡಿಸಲು ಯಾರಿಂದಲೂ ಆಗದು, ಬಿಡಿಸಬೇಕಾಗಿಯೂ ಇಲ್ಲ. ಕೆಲಸವನ್ನು ಎರಡಾಗಿ ಒಡೆಯಿರಿ: ಮುಖ ಪ್ರೇಕ್ಷಕರ ಕಡೆಗಿದ್ದು ಕೈಕಾಲು ಮಾತ್ರ ಆಡುವ ಹೆಜ್ಜೆಗಳು ಸಿನ್‌ಫಿಗ್‌ಗೆ, ಮೈ ತಿರುಗುವ ಧಿಗಿಣ ಕ್ರಿಟಾಕ್ಕೆ. ಸಿನ್‌ಫಿಗ್‌ನಲ್ಲಿ ಕತ್ತರಿಸಿದ ತುಂಡುಗಳು ತಿರುಗುತ್ತವೆಯೇ ಹೊರತು ಅವುಗಳ ಇನ್ನೊಂದು ಮಗ್ಗುಲು ಕಾಣಿಸದು. ಧಿಗಿಣದಲ್ಲಿ ಬೆನ್ನು ಕಾಣಬೇಕು, ಸೋಗೆವಲ್ಲಿ (ವೇಷದ ಇಳಿಬಿದ್ದ ಬಟ್ಟೆ) ಹಾರಬೇಕು. ಅದಕ್ಕೆ ಕೈಯೇ ಬೇಕು.

ಆದರೆ ಚಿತ್ರಕ್ಕೆ ಕೈಹಾಕುವ ಮುಂಚೆ ಧ್ವನಿ ಸರಿಮಾಡಿಕೊಳ್ಳಿ. ಮೊಬೈಲ್ ರೆಕಾರ್ಡಿಂಗನ್ನು ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ತೆರೆದು ವೇವ್ ಫೈಲಾಗಿ ಉಳಿಸಿ. ಚೆಂಡೆಯ ಪ್ರತಿ ಪೆಟ್ಟೂ ಅಲೆಯ ಚಿತ್ರದಲ್ಲಿ ಮೊನಚಾದ ಶಿಖರವಾಗಿ ಕಾಣುತ್ತದೆ. ಲಯ ಕದಲದೆ ನಡೆಯುವ ಸಂಗೀತಕ್ಕಾದರೆ ಸುಲಭ ಸೂತ್ರವಿದೆ: 1440ನ್ನು ನಿಮಿಷದ ಪೆಟ್ಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ. ನಿಮಿಷಕ್ಕೆ 120 ಆದರೆ 12 ಫ್ರೇಮ್, 90 ಆದರೆ 16, 96 ಆದರೆ 15. ಯಕ್ಷಗಾನಕ್ಕೆ ಈ ಸೂತ್ರ ನಡೆಯುವುದಿಲ್ಲ. ಕುಣಿತ ಏರಿದಂತೆ ಚೆಂಡೆಯೂ ಏರುತ್ತದೆ, ಎರಡು ಪೆಟ್ಟಿನ ನಡುವಿನ ಅಂತರ ಕುಗ್ಗುತ್ತಲೇ ಹೋಗುತ್ತದೆ. ಸಮನಾದ ಅಂತರದಲ್ಲಿ ಹೆಜ್ಜೆ ಕೂಡಿಸಿದರೆ ಹತ್ತು ಸೆಕೆಂಡಿಗೇ ಕಾಲು ಹಿಂದೆ ಬೀಳುತ್ತದೆ. ಹೀಗಾಗಿ ಧ್ವನಿಯನ್ನು ಓಡಿಸುತ್ತ, ಪ್ರತಿ ಮುಖ್ಯ ಪೆಟ್ಟಿಗೂ ಕಂಟ್ರೋಲ್ ಮತ್ತು ಎಂ ಒತ್ತಿ ಗುರುತು ಹಾಕುತ್ತ ಹೋಗಿ. ಆಮೇಲೆ ಪ್ರತಿ ಗುರುತನ್ನು ಶಿಖರಕ್ಕೆ ಸರಿಯಾಗಿ ಎಳೆದು ಕೂರಿಸಿ, ಅದರ ಸಮಯವನ್ನು 24ರಿಂದ ಗುಣಿಸಿ. 3.5ನೇ ಸೆಕೆಂಡಿನ ಪೆಟ್ಟು 84ನೇ ಫ್ರೇಮ್. ಈ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ ನೆಲಕ್ಕೆ ತಾಗುವ ಚಿತ್ರವನ್ನು ಆ ಸಂಖ್ಯೆಗಿಂತ ಒಂದು ಅಥವಾ ಎರಡು ಫ್ರೇಮ್ ಮೊದಲೇ ಇಡಿ. ಸರಿಯಾಗಿ ಅದೇ ಫ್ರೇಮಿನಲ್ಲಿಟ್ಟರೆ ಕಾಲು ತಡವಾದಂತೆ ಅನಿಸುತ್ತದೆ. ಚಿತ್ರ ಕೂದಲೆಳೆಯಷ್ಟು ಮುಂದಿದ್ದಾಗಲೇ ಕಣ್ಣಿಗೂ ಕಿವಿಗೂ ಹೊಂದಿಕೆಯಾಗುವುದು.

ಸಿನ್‌ಫಿಗ್‌ಗೆ ಬೇಕಾದ ತುಂಡುಗಳನ್ನು ಇಂಕ್‌ಸ್ಕೇಪ್ ಅಥವಾ ಕ್ರಿಟಾದಲ್ಲಿ ಬೇರೆಬೇರೆ ಮಾಡಿ: ಕಿರೀಟದ ಸಮೇತ ತಲೆ, ಮುಂಡ, ಎರಡು ಭುಜಕೀರ್ತಿ, ಮೇಲ್ತೋಳು, ಮುಂಗೈ, ಹಸ್ತ, ತೊಡೆ, ಗೆಜ್ಜೆಯ ಸಮೇತ ಮೊಣಕಾಲ ಕೆಳಗಿನ ಭಾಗ, ಪಾದ, ಸೋಗೆವಲ್ಲಿಯ ಎರಡು ತುದಿ. ಮೊಣಕೈ, ಮೊಣಕಾಲುಗಳಲ್ಲಿ ಎರಡೂ ತುಂಡಿನ ತುದಿ ದುಂಡಗಿರಲಿ. ತೋಳಿನ ಅಗಲದ ಅರ್ಧದಷ್ಟು ತ್ರಿಜ್ಯದ ಅರ್ಧವೃತ್ತ, ಒಂದರ ಮೇಲೊಂದು ಪೂರ್ತಿ ಕೂತಿರಬೇಕು. ಚಪ್ಪಟೆಯಾಗಿ ಕತ್ತರಿಸಿದರೆ ಕೈ ಮಡಚಿದಾಗ ಮೊಣಕೈಯಲ್ಲಿ ಬಿರುಕು ಕಾಣುತ್ತದೆ. ತಿರುಗುವ ಬಿಂದು ಆ ವೃತ್ತದ ನಟ್ಟನಡುವೆ ಇರಬೇಕು.

ನಿಮ್ಮ ಚಿತ್ರ ಗೊಂಬೆಯಾಟದಂತೆ ಕಾಣುವುದಕ್ಕೆ ಕಾರಣ ಎಲ್ಲ ತುಂಡುಗಳೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುವುದು. ನಿಜವಾದ ವೇಷದಲ್ಲಿ ಪಾದ ನಿಂತ ಮೇಲೂ ಗೆಜ್ಜೆ ಅಲುಗುತ್ತದೆ, ಭುಜಕೀರ್ತಿ ಒಮ್ಮೆ ಅದುರುತ್ತದೆ, ಸೋಗೆವಲ್ಲಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಭುಜಕೀರ್ತಿಯ ಕೀಲಿ ಫ್ರೇಮುಗಳನ್ನು (ಚಲನೆಯ ಮುಖ್ಯ ಭಂಗಿಗಳ ಗುರುತು) ಮೈಗಿಂತ 2 ಫ್ರೇಮ್ ತಡವಾಗಿ, ಸೋಗೆವಲ್ಲಿಯದನ್ನು 4ರಿಂದ 6 ಫ್ರೇಮ್ ತಡವಾಗಿ ಬರುವಂತೆ ಸರಿಸಿ ನೋಡಿ. ಇಷ್ಟರಿಂದಲೇ ವೇಷಕ್ಕೆ ತೂಕ ಬರುತ್ತದೆ. ಇನ್ನೊಂದು ಕಾರಣ, ಸಿನ್‌ಫಿಗ್ ತಾನಾಗಿ ಪ್ರತಿ ಚಲನೆಯನ್ನೂ ನಯಗೊಳಿಸುವುದು. ಹೆಜ್ಜೆ ಕೆಳಗಿಳಿಯುವಾಗ ನಯವಿದ್ದರೆ ಕಾಲು ತೇಲಿದಂತಾಗುತ್ತದೆ. ಇಳಿಯುವ ಭಾಗದ ಕೀಲಿ ಫ್ರೇಮುಗಳನ್ನು ಲೀನಿಯರ್‌ಗೆ (ಒಂದೇ ವೇಗದ ಚಲನೆಗೆ) ಬದಲಿಸಿ. ಕಾಲು ಏರುವಾಗ ನಯ ಇರಲಿ.

ಸಿನ್‌ಫಿಗ್‌ನಲ್ಲಿ ಮಕ್ಕಳು ಪದೇಪದೇ ಎಡವುವ ಜಾಗ ಒಂದಿದೆ. ಕೆಳಗಿನ ಮನುಷ್ಯಾಕೃತಿಯ ಗುಂಡಿ ಒತ್ತಿದಾಗ ಕ್ಯಾನ್ವಾಸಿನ ಸುತ್ತ ಕೆಂಪು ಅಂಚು ಬರುತ್ತದೆ. ಅಂಚು ಕೆಂಪಾಗಿದ್ದಾಗ ಮಾಡಿದ ಬದಲಾವಣೆ ಆ ಕ್ಷಣಕ್ಕೆ ಮಾತ್ರ ದಾಖಲಾಗುತ್ತದೆ. ಬಣ್ಣ ತಿದ್ದುವುದು, ತುಂಡು ಜೋಡಿಸುವುದೆಲ್ಲ ಅದು ಆರಿದ್ದಾಗಲೇ ಮುಗಿಯಬೇಕು. ಇಲ್ಲವಾದರೆ ಕಿರೀಟದ ಬಣ್ಣ ನಡುವೆ ತಾನಾಗಿ ಬದಲಾಗುತ್ತ ಹೋಗುತ್ತದೆ.

ಈಗ ಧಿಗಿಣ. ಕ್ರಿಟಾದಲ್ಲಿ ವಿಂಡೋ ಮೆನುವಿನ ವರ್ಕ್‌ಸ್ಪೇಸ್‌ನಲ್ಲಿ ಅನಿಮೇಷನ್ ಆರಿಸಿ. ಹೊಸ ಫೈಲಿನ ಮೊದಲ ಲೇಯರ್ ಬಿಳಿ ಬಣ್ಣ ತುಂಬಿದ್ದು, ಅದರ ಮೇಲೆ ಬಿಡಿಸಬೇಡಿ. ಹೊಸ ಪಾರದರ್ಶಕ ಲೇಯರ್ ಸೇರಿಸಿ, ಟೈಮ್‌ಲೈನ್‌ನಲ್ಲಿ ಅದರ ಪಕ್ಕದ ಬಲ್ಬಿನ ಚಿಹ್ನೆ ಒತ್ತಿ. ಹಿಂದಿನ ಮುಂದಿನ ಚಿತ್ರಗಳು ನೆರಳಿನಂತೆ ಕಾಣಬೇಕು. ಕಾಣದಿದ್ದರೆ ನೀವು ಬಿಳಿ ಲೇಯರಿನ ಮೇಲೇ ಬಿಡಿಸುತ್ತಿದ್ದೀರಿ. ಪಾರದರ್ಶಕ ಲೇಯರಿನಿಂದ ಇನ್ನೊಂದು ಲಾಭವೂ ಇದೆ: ಕ್ರಿಟಾ ಚಿತ್ರವನ್ನು 64×64 ಪಿಕ್ಸೆಲ್‌ನ ಚೌಕಗಳಾಗಿ ಇಟ್ಟುಕೊಳ್ಳುತ್ತದೆ, ಖಾಲಿ ಚೌಕಕ್ಕೆ ಜಾಗ ಹಿಡಿಯುವುದಿಲ್ಲ. ರಂಗಸ್ಥಳ, ದೀಪ ಮೊದಲಾದ ಹಿನ್ನೆಲೆಯನ್ನು ಅಲುಗದ ಬೇರೆ ಲೇಯರಿನಲ್ಲಿ ಒಮ್ಮೆ ಮಾತ್ರ ಬಿಡಿಸಿ.

ಒಂದು ಸುತ್ತು 16 ಫ್ರೇಮ್ ಎಂದಿಟ್ಟುಕೊಳ್ಳಿ. ಮೊದಲು ಐದೇ ಚಿತ್ರ: ಮಂಡಿ ಬಾಗಿಸಿ ಕುಗ್ಗಿದ್ದು, ನೆಲ ಬಿಟ್ಟದ್ದು, ಗಾಳಿಯಲ್ಲಿ ಬೆನ್ನು ತೋರಿದ್ದು, ಕಾಲು ನೆಲ ಮುಟ್ಟಿದ್ದು, ಮತ್ತೆ ನೇರ ನಿಂತದ್ದು. ಇವನ್ನು ಕಡ್ಡಿಗೊಂಬೆಯಾಗಿ ಗೀಚಿ, ಚೆಂಡೆಯೊಂದಿಗೆ ಓಡಿಸಿ ನೋಡಿ. ಒಪ್ಪಿಗೆಯಾದ ಮೇಲೆಯೇ ನಡುವಿನ ಚಿತ್ರ ತುಂಬಿ, ಕೊನೆಗೆ ವೇಷಭೂಷಣ. ಕುಗ್ಗುವಾಗ ಎರಡು ಫ್ರೇಮಿಗೊಂದು ಚಿತ್ರ ಸಾಕು. ಗಾಳಿಯಲ್ಲಿ ತಿರುಗುವ 6ರಿಂದ 8 ಫ್ರೇಮ್ ಮಾತ್ರ ಒಂದೊಂದಕ್ಕೂ ಒಂದು ಚಿತ್ರ ಬಿಡಿಸಿ, ಇಲ್ಲದಿದ್ದರೆ ಕಿರೀಟ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿದಂತೆ ಕಾಣುತ್ತದೆ. ಆ ವೇಗದಲ್ಲಿ ಎದೆಪದಕದ ಕುಸುರಿ ಯಾರಿಗೂ ಕಾಣದು. ಬಣ್ಣದ ನಾಲ್ಕು ಬೀಸು ಸಾಕು.

ಒಂದು ಸುತ್ತು ಚೆನ್ನಾಗಿ ಬಂದರೆ ಅದನ್ನೇ ಮರುಬಳಸಿ. ಚೆಂಡೆ ಏರಿದಾಗ ಕುಗ್ಗುವ ಚಿತ್ರಗಳ ಅವಧಿ ಕಡಿಮೆ ಮಾಡುತ್ತ ಬಂದರೆ ವೇಗ ತಾನಾಗಿ ಏರುತ್ತದೆ.

ಇನ್ನು ಕೊನೆಯ ಹೊಂದಿಕೆ. ಸಿನ್‌ಫಿಗ್, ಕ್ರಿಟಾ ಎರಡರಿಂದಲೂ ಪಿಎನ್‌ಜಿ ಚಿತ್ರಮಾಲೆಯಾಗಿ ಹೊರತೆಗೆದು, ವಿಡಿಯೊ ಸಂಕಲನದ ತಂತ್ರಾಂಶವಾದ ಕೆಡೆನ್‌ಲೈವ್‌ನಲ್ಲಿ ಧ್ವನಿಯೊಂದಿಗೆ ಜೋಡಿಸಿ. ನಿಮ್ಮ ವಿಡಿಯೊದಲ್ಲಿ ಚೆಂಡೆ ತಪ್ಪುವುದು ಬಹುಶಃ ಇಲ್ಲಿಯೇ. ಕೆಡೆನ್‌ಲೈವ್ ಯೋಜನೆ ಸೆಕೆಂಡಿಗೆ 25 ಫ್ರೇಮಿನದಾಗಿದ್ದರೆ ನಿಮ್ಮ 720 ಚಿತ್ರಗಳು 28.8 ಸೆಕೆಂಡಿಗೇ ಮುಗಿಯುತ್ತವೆ. ಧ್ವನಿ ಇನ್ನೂ 1.2 ಸೆಕೆಂಡ್ ಉಳಿದಿರುತ್ತದೆ. ಯೋಜನೆಯ ಸೆಟ್ಟಿಂಗ್‌ನಲ್ಲಿ 24 ಆರಿಸಿ, ಚಿತ್ರಮಾಲೆ ಸೇರಿಸುವಾಗ ಒಂದು ಚಿತ್ರಕ್ಕೆ ಒಂದೇ ಫ್ರೇಮ್ ಎಂದು ಕೊಡಿ. ಕ್ರಿಟಾದಲ್ಲಿ ಚಿತ್ರಮಾಲೆ ಹೊರತೆಗೆಯುವಾಗ, ಬೇರೆಬೇರೆಯಾದ ಫ್ರೇಮುಗಳನ್ನು ಮಾತ್ರ ತೆಗೆಯುವ ಆಯ್ಕೆಗೆ ಟಿಕ್ ಇರಬಾರದು. ಇದ್ದರೆ ಎರಡು ಫ್ರೇಮ್ ನಿಲ್ಲಬೇಕಾದ ಚಿತ್ರ ಒಂದೇ ಫ್ರೇಮ್ ನಿಂತು, ಕುಣಿತ ಇಮ್ಮಡಿ ವೇಗಕ್ಕೆ ಓಡುತ್ತದೆ.

ಪ್ರಶ್ನೆ: ಹೊಸ ಪೆನ್ ಟ್ಯಾಬ್ಲೆಟ್‌ನಲ್ಲಿ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುತ್ತದೆ. ವೃತ್ತ ಬರೆದರೆ ಮೊಟ್ಟೆಯಾಗುತ್ತದೆ. ಟ್ಯಾಬ್ಲೆಟ್ ಕೆಟ್ಟಿದೆಯೇ?
– ಮಂಜೇಶ್ವರದ ಓದುಗರು

ಉತ್ತರ: ಬಹುತೇಕ ಕೆಟ್ಟಿಲ್ಲ. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಎರಡು ದಾರಿಯಲ್ಲಿ ಬರುತ್ತದೆ, ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಡ್ರೈವರ್ ಒಂದು ದಾರಿಯಲ್ಲಿ ಕಳಿಸುತ್ತಿದ್ದು ಕ್ರಿಟಾ ಇನ್ನೊಂದರಲ್ಲಿ ಕಾಯುತ್ತಿದ್ದರೆ ಒತ್ತಡ ತಲುಪುವುದಿಲ್ಲ. ಕ್ರಿಟಾದ ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಕ್ರಿಟಾ ತೆರೆದು, ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಈಗಿರುವುದನ್ನು ಬಿಟ್ಟು ಇನ್ನೊಂದನ್ನು ಆರಿಸಿ, ಕ್ರಿಟಾವನ್ನು ಮುಚ್ಚಿ ಮತ್ತೆ ತೆರೆಯಿರಿ. ಅಲ್ಲಿಯೇ ಇರುವ ಟ್ಯಾಬ್ಲೆಟ್ ಟೆಸ್ಟರ್‌ನಲ್ಲಿ ಗೀಚಿದರೆ ಒತ್ತಡದ ಸಂಖ್ಯೆ ಏರಿಳಿಯುವುದು ಕಾಣಬೇಕು. ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದಿದ್ದರೆ ಅದರ ಡ್ರೈವರ್ ತೆಗೆದುಹಾಕಿ. ಎರಡು ಡ್ರೈವರ್ ಒಟ್ಟಿಗಿದ್ದರೆ ಜಗಳ ಖಂಡಿತ.

ಮೊಟ್ಟೆಯಾಗುವುದಕ್ಕೆ ಕಾರಣ ಅಳತೆ. ನಿಮ್ಮ ಟ್ಯಾಬ್ಲೆಟ್ 6×4 ಇಂಚಿನದು, ಪರದೆ 1920×1080 ಎಂದಿಟ್ಟುಕೊಳ್ಳಿ. ಅಡ್ಡಕ್ಕೆ ಒಂದು ಇಂಚು 320 ಪಿಕ್ಸೆಲ್ ಆದರೆ ಉದ್ದಕ್ಕೆ 270 ಮಾತ್ರ. ಡ್ರೈವರಿನಲ್ಲಿ ಕೆಲಸದ ಜಾಗವನ್ನು 6×3.375 ಇಂಚಿಗೆ ಇಳಿಸಿ. ಪರದೆಯ ಪ್ರಮಾಣ ಕಾಯುವ ಆಯ್ಕೆ ಡ್ರೈವರಿನಲ್ಲೇ ಇದ್ದರೆ ಅದಕ್ಕೆ ಟಿಕ್ ಹಾಕಿದರೆ ಸಾಕು. ಕೆಳಗಿನ ಅರ್ಧ ಇಂಚಿಗೂ ಹೆಚ್ಚು ಜಾಗ ಸುಮ್ಮನಿರುತ್ತದೆ, ಇರಲಿ ಬಿಡಿ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ್ದನ್ನು ಇಂಕ್‌ಸ್ಕೇಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಇಂಕ್‌ಸ್ಕೇಪ್‌ನಲ್ಲಿ ಸರಿ, ಆದರೆ ಬ್ಲೆಂಡರ್‌ನಲ್ಲಿ ಒತ್ತಕ್ಷರಗಳೆಲ್ಲ ಒಡೆದುಹೋಗುತ್ತವೆ. ಇಲ್ಲಿಯ ಫ್ಲೆಕ್ಸ್ ಅಂಗಡಿಯವರಿಗೆ ಕನ್ನಡ ಓದಲು ಬರುವುದಿಲ್ಲ, ತಪ್ಪಾದರೂ ಅವರಿಗೆ ತಿಳಿಯದು.
– ಡಿಟಿಪಿ ಕೆಲಸಗಾರರು, ಹೊಸೂರು

ಉತ್ತರ: ಇವು ಎರಡು ಬೇರೆಬೇರೆ ತೊಂದರೆಗಳು. ಮೊದಲನೆಯದು ಹಳೆಯ ಫಾಂಟಿನದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಕಡೆ ಮೂಲ ಅಕ್ಷರ ಹೊರಬೀಳುತ್ತದೆ. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಕರ್ಣ, ಧರ್ಮ, ಕಾರ್ಯಕ್ರಮ ಇಂಥ ಪದಗಳಲ್ಲೇ ತಪ್ಪು ಉಳಿದುಬಿಡುವುದು.

ಎರಡನೆಯದು ಜೋಡಣೆಯದು. ‘ಸ್ತ್ರೀ’ ಎಂಬ ಒಂದಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ಅದನ್ನು ಒಟ್ಟುಗೂಡಿಸಿ ಆಕಾರ ಕೊಡುವ ಕೆಲಸ ಇಂಕ್‌ಸ್ಕೇಪ್‌ಗೆ ಗೊತ್ತು, ಬ್ಲೆಂಡರಿನ ಅಕ್ಷರ ಸಾಧನಕ್ಕೆ ಗೊತ್ತಿಲ್ಲ. ಹೀಗಾಗಿ ಇಂಕ್‌ಸ್ಕೇಪ್‌ನಲ್ಲೇ ಬರೆದು, ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಒತ್ತಿ ಅಕ್ಷರವನ್ನು ಗೆರೆಯಾಗಿಸಿ, ಎಸ್‌ವಿಜಿಯಾಗಿ ಉಳಿಸಿ ಬ್ಲೆಂಡರಿಗೆ ತನ್ನಿ. ಅದು ತೀರ ಚಿಕ್ಕದಾಗಿ ಬಂದು ಬೀಳುತ್ತದೆ, ಬಂದೇ ಇಲ್ಲವೆಂದು ಗಾಬರಿಯಾಗಬೇಡಿ. ದೊಡ್ಡದು ಮಾಡಿ, ಕಂಟ್ರೋಲ್ ಮತ್ತು ಎ ಒತ್ತಿ ಅಳತೆ ಖಾಯಂ ಮಾಡಿ, ನಂತರ ದಪ್ಪ ಕೊಡಿ. ಗೆರೆಯಾದ ಅಕ್ಷರವನ್ನು ತಿದ್ದಲಾಗದು, ಹಾಗಾಗಿ ಅಕ್ಷರವಿರುವ ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ.

ಫ್ಲೆಕ್ಸ್ ಅಂಗಡಿಗೂ ಇದೇ ಉಪಾಯ: ಎಲ್ಲ ಅಕ್ಷರ ಗೆರೆಯಾಗಿಸಿದ ಪಿಡಿಎಫ್ ಕೊಡಿ. ಅವರ ಬಳಿ ಕನ್ನಡ ಫಾಂಟ್ ಇರಬೇಕಿಲ್ಲ, ಕನ್ನಡ ಬರಬೇಕಾಗಿಯೂ ಇಲ್ಲ. ಚಿತ್ರವಾಗಿ ಕೊಡುವುದಾದರೆ 10×6 ಅಡಿಗೆ 72 ಡಿಪಿಐಯಲ್ಲಿ 8640×5184 ಪಿಕ್ಸೆಲ್, ದೂರದಿಂದ ನೋಡುವ ಫ್ಲೆಕ್ಸ್‌ಗೆ ಅಷ್ಟು ಸಾಕು. ಆಫ್‌ಸೆಟ್ ಮುದ್ರಣವಾದರೆ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ, ನಾಲ್ಕು ಬಣ್ಣದ ಪಿಡಿಎಫ್ ತೆಗೆಯಿರಿ, ಅಂಚು ಕತ್ತರಿಸಲೆಂದು ಸುತ್ತ 3 ಮಿ.ಮೀ. ಹೆಚ್ಚುವರಿ ಬಿಡಿ. ಪರದೆಯಲ್ಲಿ ಹೊಳೆಯುವ ಹಸಿರು, ನೀಲಿ ಶಾಯಿಯಲ್ಲಿ ಮಂಕಾಗುತ್ತವೆ, ಗ್ರಾಹಕರಿಗೆ ಮೊದಲೇ ಹೇಳಿಬಿಡಿ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು, ವ್ಯಾಪಾರದ ಕೆಲಸಕ್ಕೂ ಬಳಸಬಹುದು.

ಪ್ರಶ್ನೆ: ಬ್ಲೆಂಡರ್‌ನಲ್ಲಿ ರಾತ್ರಿಯಿಡೀ ರೆಂಡರ್ (ದೃಶ್ಯವನ್ನು ಅಂತಿಮ ಚಿತ್ರಗಳಾಗಿ ಹೊರತೆಗೆಯುವ ಕೆಲಸ) ಇಟ್ಟರೆ ಬೆಳಗಿನ ಜಾವ ಕರೆಂಟ್ ಹೋಗಿ ಎಲ್ಲ ವ್ಯರ್ಥ. ಮಳೆಗಾಲದಲ್ಲಿ ಇದು ದಿನದ ಪಾಡು.
– ಪೆರ್ಲದ ಓದುಗರು

ಉತ್ತರ: ನೇರವಾಗಿ ವಿಡಿಯೊಗೆ ರೆಂಡರ್ ಮಾಡಬೇಡಿ. ವಿಡಿಯೊ ಫೈಲು ಕೊನೆಯವರೆಗೆ ಬರೆದು ಮುಚ್ಚಿದರಷ್ಟೇ ತೆರೆಯುತ್ತದೆ, ನಡುವೆ ನಿಂತರೆ ಸಾಮಾನ್ಯವಾಗಿ ಇಡೀ ಫೈಲು ಹೋಗುತ್ತದೆ. ಔಟ್‌ಪುಟ್‌ನಲ್ಲಿ ಪಿಎನ್‌ಜಿ ಆರಿಸಿ, ಓವರ್‌ರೈಟ್‌ನ ಟಿಕ್ ತೆಗೆಯಿರಿ. ಕರೆಂಟ್ ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಮುಗಿದ ಚಿತ್ರಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಮಾಡುತ್ತದೆ. ಕರೆಂಟ್ ಹೋದ ಗಳಿಗೆಯ ಒಂದು ಚಿತ್ರ ಅರ್ಧಂಬರ್ಧ ಇರಬಹುದು. ಕೊನೆಯ ಫೈಲನ್ನು ತೆರೆದು ನೋಡಿ, ಕೆಟ್ಟಿದ್ದರೆ ಅಳಿಸಿ ಮುಂದುವರಿಸಿ. ಕ್ರಿಟಾದಲ್ಲೂ ಕಾನ್ಫಿಗರ್ ಕ್ರಿಟಾದ ಜನರಲ್ ವಿಭಾಗದಲ್ಲಿ ಆಟೋಸೇವ್‌ನ ಅವಧಿಯನ್ನು 5 ನಿಮಿಷಕ್ಕಿಳಿಸಿ.

ಪ್ರಶ್ನೆ: ನಮ್ಮ ಶಾಲೆಯ ಐಟಿ ಕೂಟವಾದ ಲಿಟಲ್ ಕೈಟ್ಸ್‌ನ ಮಕ್ಕಳು ಕನ್ನಡದಲ್ಲಿ ಮಾತಾಡುವ ಕಾಗೆಯ ಕಥೆ ಮಾಡುತ್ತಿದ್ದಾರೆ. ಮಾತಿಗೆ ಬಾಯಿ ಹೊಂದಿಸುವುದು ಹೇಗೆ?
– ಶಿಕ್ಷಕಿ, ಮುಳ್ಳೇರಿಯ

ಉತ್ತರ: ಆರು ಬಾಯಿ ಬಿಡಿಸಿಕೊಂಡರೆ ಕನ್ನಡ ನಡೆಯುತ್ತದೆ: ಪ, ಬ, ಮ ಅಕ್ಷರಗಳಿಗೆ ಮುಚ್ಚಿದ್ದು, ‘ಆ’ ಸ್ವರಕ್ಕೆ ಅಗಲ ತೆರೆದದ್ದು, ಇ ಎಗಳಿಗೆ ಅಡ್ಡ ಹಿಗ್ಗಿದ್ದು, ಉ ಒಗಳಿಗೆ ದುಂಡಗಿನದು, ಉಳಿದ ವ್ಯಂಜನಗಳಿಗೆ ಸ್ವಲ್ಪ ತೆರೆದದ್ದು, ಲ ಳಗಳಿಗೆ ನಾಲಿಗೆ ಕಾಣುವುದು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಸ್ವರಗಳನ್ನು ಹಿಡಿದರೆ ಸಾಕು. ‘ಬಾ ಮಗೂ’ ಎನ್ನಲು ಮುಚ್ಚು, ಅಗಲ, ಮುಚ್ಚು, ಸ್ವಲ್ಪ, ದುಂಡು. ಮುಚ್ಚಿದ ಬಾಯಿ ಕನಿಷ್ಠ 2 ಫ್ರೇಮ್ ನಿಲ್ಲಲೇಬೇಕು, ಅದು ತಪ್ಪಿದರೆ ನೋಡುವವರಿಗೆ ಕೂಡಲೇ ತಿಳಿಯುತ್ತದೆ. ಕಾಗೆಗೆ ತುಟಿಯಿಲ್ಲ, ಕೊಕ್ಕು ಎಷ್ಟು ತೆರೆದಿದೆ ಎಂಬ ಮೂರು ಹಂತಗಳಲ್ಲೇ ಮುಗಿಸಬಹುದು. ಮಕ್ಕಳಿಗೆ ಕೆಲಸ ಅರ್ಧ ಕಡಿಮೆ.

ರೂಬಾರ್ಬ್ ಎಂಬ ಮುಕ್ತ ತಂತ್ರಾಂಶ ಧ್ವನಿ ಕೇಳಿ ಬಾಯಿಯ ಪಟ್ಟಿಯನ್ನು ತಾನೇ ಕೊಡುತ್ತದೆ. ಮೊದಲಿನಿಂದ ಅದು ಇಂಗ್ಲಿಷಿಗೆ ಹೊಂದಿಕೊಂಡಿರುತ್ತದೆ, ಕನ್ನಡಕ್ಕೆ ಫೊನೆಟಿಕ್ ಆಯ್ಕೆ ಬಳಸಿ. ಆಮೇಲೂ ಕೈಯಿಂದ ತಿದ್ದಬೇಕಾಗುತ್ತದೆ.

ಪ್ರಶ್ನೆ: ಉಚಿತ ತಂತ್ರಾಂಶದಲ್ಲಿ ಮಾಡಿದ ಚಿತ್ರ ಮಾರಬಹುದೇ? ಇದರಲ್ಲಿ ‘ನಿಜವಾದ’ ಸಿನಿಮಾ ಮಾಡುತ್ತಾರೆಯೇ?
– ಅಕ್ಕಲಕೋಟೆಯ ಓದುಗರು

ಉತ್ತರ: ಮಾರಬಹುದು. ಜಿಪಿಎಲ್ ಎಂಬ ಮುಕ್ತ ಪರವಾನಗಿ ಅನ್ವಯಿಸುವುದು ತಂತ್ರಾಂಶಕ್ಕೆ, ನೀವು ಅದರಲ್ಲಿ ಮಾಡಿದ ಚಿತ್ರ ನಿಮ್ಮದೇ. ಬೇರೆಯವರ ಬ್ರಷ್, ಮಾದರಿ, ಸಂಗೀತ ಬಳಸಿದರೆ ಅದರದರ ಪರವಾನಗಿ ಮಾತ್ರ ಓದಿಕೊಳ್ಳಿ. ವ್ಯಾಪಾರಕ್ಕೆ ಬೇಡ ಎಂಬ ಷರತ್ತಿನ ಕ್ರಿಯೇಟಿವ್ ಕಾಮನ್ಸ್ ಸಂಗೀತ ಹಾಕಿ ಮಾರಿದರೆ ತಪ್ಪಾಗುತ್ತದೆ.

ಸಿನಿಮಾದ ವಿಷಯ: 2025ರ ಆಸ್ಕರ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಪ್ರಶಸ್ತಿ ಪಡೆದ ಲಾಟ್ವಿಯಾದ ಚಿತ್ರ ಬ್ಲೆಂಡರ್‌ನಲ್ಲಿ ಆದದ್ದು. ಜಪಾನಿನ ಸ್ಟುಡಿಯೊ ಗಿಬ್ಲಿ ಬಳಸುತ್ತಿದ್ದ ಟೂನ್ಜ್ 2016ರಲ್ಲಿ ಓಪನ್‌ಟೂನ್ಜ್ ಎಂದು ಮುಕ್ತವಾಯಿತು. ಬ್ಲೆಂಡರ್ ಕೂಡ ಹುಟ್ಟಿನಿಂದ ಮುಕ್ತವಾಗಿರಲಿಲ್ಲ. 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಅದನ್ನು ಬಿಡಿಸಿಕೊಂಡರು.